ಅಕ್ಕೋರ ಮೂರನೆಯ ಸ್ಲೈಡು

ಕಳೆದ ತಿಂಗಳು ಪತ್ರಿಕೆಯ ಒಳಪುಟದ ಮೂಲೆಯೊಂದರಲ್ಲಿ ಅವರ ನಿಧನದ ಸುದ್ದಿ ಬಂದಿತ್ತು. ನಿವೃತ್ತ ಪ್ರಾಧ್ಯಾಪಕಿ, ಸರಳ ಸ್ವಭಾವದವರು, ಅವಿವಾಹಿತರು, ಇಬ್ಬರು ತಮ್ಮಂದಿರನ್ನೂ ಅಪಾರ ಶಿಷ್ಯವರ್ಗವನ್ನೂ ಅಗಲಿದ್ದಾರೆ. ಒಬ್ಬ ಹೆಂಗಸು ಮದುವೆಯಾಗಲಿಲ್ಲ ಎಂಬುದನ್ನು ದಾಖಲಿಸಲು ಜಾಗವಿದ್ದ ಆ ಸುದ್ದಿಯಲ್ಲಿ, ಆಕೆ ಏನು ಮಾಡಿದರು ಎಂಬುದಕ್ಕೆ ಒಂದು ಸಾಲಿನ ಜಾಗವೂ ಇರಲಿಲ್ಲ. ಹಾಗಾಗಿ ಆ ಸಾಲನ್ನು ನಾನು ಬರೆಯುತ್ತೇನೆ: ವೈರಾಣುವನ್ನು ತಡೆಯುವ ಮದ್ದೊಂದು ಗಿಡದ ಡಿಎನ್‌ಎಯನ್ನು ನಕಲು ಮಾಡುವ ಕಿಣ್ವವನ್ನು ಹೇಗೆ ನಿಲ್ಲಿಸಿಬಿಡುತ್ತದೆ ಎಂಬುದನ್ನು ಅವರು ಕುಮಟೆಯ ಸಿಹಿ ಈರುಳ್ಳಿಯ ಬೇರಿನಲ್ಲಿ ಕಣ್ಣಿಗೆ ಕಾಣುವಂತೆ ತೋರಿಸಿದರು, ಅದನ್ನು ನಮ್ಮ ಭಾಷೆಯಲ್ಲಿ ಹೇಳಿದರು, ಆ ಕೆಲಸದೊಳಗೆ ಒಂದು ಸುಳ್ಳನ್ನೂ ಸೇರಗೊಡಲಿಲ್ಲ.

ಅವರು ಭಟ್ಕಳದ ಬಂದರಿನ ಕಡೆಯವರು. ತಂದೆ ದೋಣಿಯವರು, ತಾಯಿ ಮೀನು ಮಾರುತ್ತಿದ್ದವರು. ಆ ಕೇರಿಯಿಂದ ವಿಜ್ಞಾನದ ಪದವಿಗೆ ಹೋದ ಮೊದಲ ಹೆಣ್ಣುಮಗಳು ಅವರು ಎಂದು ಸಭೆಗಳಲ್ಲಿ ಯಾರಾದರೂ ಹೊಗಳಿದರೆ ಅವರಿಗೆ ಸಿಟ್ಟು ಬರುತ್ತಿತ್ತು. “ಮೊದಲನೆಯವಳು ಅಂತ ಚಪ್ಪಾಳೆ ತಟ್ಟೂಕೆ ಮುಂಚೆ, ಅಷ್ಟು ವರ್ಷ ಯಾಕೆ ಯಾರೂ ಹೋಗಲಿಲ್ಲ ಅಂತ ಕೇಳಿ” ಎನ್ನುತ್ತಿದ್ದರು. ನಾನು ಮುಂದೆ ಊರೂರು ತಿರುಗಿ ಮಾಡಿದ ಭಾಷಣಗಳಲ್ಲಿ ಈ ಮಾತನ್ನು ಎಷ್ಟೋ ಸಲ ಬಳಸಿದ್ದೇನೆ. ಅದು ಅವರದೆಂದು ಹೇಳಿಯೇ ಬಳಸಿದ್ದೇನೆ.

ನಾವಿಬ್ಬರೂ ಕಲಿಸುತ್ತಿದ್ದದ್ದು ಹೊನ್ನಾವರದ ಆಸುಪಾಸಿನ ಒಂದು ಸಣ್ಣ ಖಾಸಗಿ ಕಾಲೇಜಿನಲ್ಲಿ. ಆ ಕಾಲೇಜು ಈಗ ಆ ಹೆಸರಿನಲ್ಲಿ ಉಳಿದಿಲ್ಲವಾದ್ದರಿಂದ ಹೆಸರನ್ನು ಬಿಟ್ಟಿದ್ದೇನೆ; ತಪ್ಪುಗಳನ್ನು ಬಿಡುವುದಿಲ್ಲ. ಅವರು ಸಸ್ಯಶಾಸ್ತ್ರ, ನಾನು ಕನ್ನಡ. ನಮ್ಮ ಕಡೆ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತಾರೆ. ಹುಡುಗರಿಗೂ ಪೇಟೆಯವರಿಗೂ ಅವರು ಅಕ್ಕೋರು. ಪ್ರಾಂಶುಪಾಲರಿಗೆ ಮಾತ್ರ ಹಳೆಯ ಮುಂಬಯಿ ಪ್ರಾಂತದ ರೂಢಿ ಬಿಟ್ಟಿರಲಿಲ್ಲ. ಹೆಂಗಸರನ್ನು ಗೌರವದಿಂದ ಕರೆಯುವ ಮರಾಠಿ ಮಾತಿನಲ್ಲಿ ಅವರು “ಬಾಯಿ” ಎನ್ನುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯಲ್ಲಿ ಅಕ್ಕೋರು ಕೆಲಸಕ್ಕೆ ಸೇರಿದಾಗ ಪೇಟೆಯಲ್ಲಿ ಬಾಡಿಗೆ ಮನೆ ಸಿಗಲಿಲ್ಲ. ಜಾತಿಯನ್ನು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಊಟದಲ್ಲಿ ಎಂತ ಮಾಡುತ್ತೀರಿ ಎಂದು ಕೇಳಿದರು. ನಮ್ಮಲ್ಲಿ ಜಾತಿಯನ್ನು ಕೇಳುವ ಸಭ್ಯ ರೀತಿ ಅದು. ಒಬ್ಬ ಮನೆಯೊಡೆಯರು, “ನಮ್ಮದು ದೇವರ ಕಾರ್ಯದ ಮನೆ ಅಕ್ಕೋರೆ, ಮೀನಿನ ವಾಸನೆ ಆಗೂದಿಲ್ಲ” ಎಂದರಂತೆ. ಇವರು, “ನಾನು ಬೇಯಿಸೂದು ಆಯ್ತವಾರ ಮಾತ್ರ. ಆರು ದಿನಕ್ಕೆ ಮನೆ ಕೊಡಿ, ಏಳನೇ ದಿನ ನಾನು ನಿಮ್ಮ ದೇವರನ್ನೇ ಕೇಳಿಕೊಳ್ತೆ” ಎಂದು ಹೇಳಿ ಹೊರಬಿದ್ದು, ಬಂದರಿನ ದಾರಿಯಲ್ಲಿ ಸೋಗೆಯ ಮಾಡಿನ ಒಂದು ಮನೆ ಹಿಡಿದರು. ಕೊನೆಯವರೆಗೂ ಆ ದಾರಿಯನ್ನು ಬಿಡಲಿಲ್ಲ.

ಪಾಠ ಮಾಡುವಾಗ ಅವರ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಸದಾ ಏನನ್ನೋ ಹೊಸೆಯುತ್ತಿದ್ದವು. ಸೂಕ್ಷ್ಮದರ್ಶಕಕ್ಕೆ ಬೇರಿನ ತುದಿಯನ್ನು ಗಾಜಿನ ಮೇಲಿಟ್ಟು, ಮೇಲೆ ತೆಳುಗಾಜು ಮುಚ್ಚಿ, ಹೆಬ್ಬೆರಳಿನಿಂದ ಒತ್ತಿ ಹರಡಬೇಕು. ಹೆಚ್ಚು ಒತ್ತಿದರೆ ಗಾಜು ಒಡೆಯುತ್ತದೆ, ಕಡಿಮೆಯಾದರೆ ಜೀವಕೋಶಗಳು ಒಂದರ ಮೇಲೊಂದು ಕೂತು ಏನೂ ಕಾಣುವುದಿಲ್ಲ. ಆ ಒತ್ತು ಅವರ ಬೆರಳಿಗೆ ರೂಢಿಯಾಗಿತ್ತು. ವಿದ್ಯಾರ್ಥಿಗಳು ಗಾಜು ಒಡೆದರೆ ಬೈಯುತ್ತಿರಲಿಲ್ಲ. “ಸೊಳ್ಳೆ ಕೊಲ್ಲೂಕೆ ಹೊರಟದ್ದಾ? ಅದು ಬೇರು ಮಾರಾಯ, ನಿನ್ನ ವೈರಿ ಅಲ್ಲ” ಎನ್ನುತ್ತಿದ್ದರು.

ಒಂದು ದಿನ ಅವರು ನೇರವಾಗಿ ನನ್ನ ಮೇಜಿಗೆ ಬಂದು ನಿಂತರು.

“ಹೋಯ್ ಕನ್ನಡದವರೇ, ನನಗೊಂದು ಶಬ್ದ ಬೇಕು. ನಿಮ್ಮ ಅಂಗಡಿಲಿ ಅದ್ಯಾ ನೋಡಿ.”

“ಯಾವ ಶಬ್ದ?”

“ಒಂದು ಎಳೆ ಅದೆ. ಅದನ್ನು ನೋಡಿ ಅದಕ್ಕೆ ಹೊಂದುವ ಇನ್ನೊಂದು ಎಳೆ ಹೆಣೆಯೂದು. ಆ ಕೆಲಸಕ್ಕೆ ಎಂತ ಹೇಳ್ತ್ರಿ?”

ನಾನು ‘ಪಡಿಯಚ್ಚು’ ಎಂದೆ. ಅವರು ತಲೆಯಾಡಿಸಿದರು. ಅಚ್ಚು ಎಂದರೆ ಬೆಲ್ಲ ಎರೆದ ಹಾಗೆ ಒಮ್ಮೆಗೇ ಇಡಿಯಾಗಿ ಮೂಡುವುದು. ಇದು ಒಂದೊಂದೇ ಅಕ್ಷರ ಕೂಡಿಸುತ್ತ ಹೋಗುವುದು. ‘ಪ್ರತಿಕೃತಿ’ ಎಂದೆ. “ಅದು ಚೌಕಟ್ಟು ಹಾಕಿ ಗೋಡೆಗೆ ತೂಗು ಹಾಕೂದು” ಎಂದರು. ‘ನಕಲು’ ಎಂದಾಗ ಅವರ ಮುಖದಲ್ಲಿ ನಗು ಬಂದಿತು.

“ಅದನ್ನೇ ನಿನ್ನೆ ತರಗತಿಲಿ ಹೇಳಿ ಪೆಟ್ಟು ತಿಂದು ಬಂದೆ.”

ಆದದ್ದಿಷ್ಟು. ಆಗೆಲ್ಲ ನಮ್ಮ ಪರೀಕ್ಷಾ ಕೊಠಡಿಗಳಲ್ಲಿ ನಕಲು ದೊಡ್ಡ ಪಿಡುಗು. ಅದನ್ನು ಹಿಡಿಯಲು ವಿಶ್ವವಿದ್ಯಾಲಯದ ಫ್ಲೈಯಿಂಗ್ ಸ್ಕ್ವಾಡು ಹೇಳದೆ ಕೇಳದೆ ಜೀಪಿನಲ್ಲಿ ಬಂದಿಳಿಯುತ್ತಿತ್ತು. ಅಂಥ ಕಾಲದಲ್ಲಿ ಇವರು, “ಪ್ರತಿ ಜೀವಕೋಶದಲ್ಲೂ ಒಂದು ಕಿಣ್ವ ಕೂತು ನಕಲು ಮಾಡುತ್ತಲೇ ಇರುತ್ತದೆ” ಎಂದರೆ ಹಿಂದಿನ ಬೆಂಚು ಸುಮ್ಮನಿದ್ದೀತೆ?

“ಅಕ್ಕೋರೆ, ಅದನ್ನ ಹಿಡ್ದು ಹೊರಗೆ ಹಾಕೂರು ಯಾರೂ ಇಲ್ಲ್ವಾ?” ಎಂದು ಒಬ್ಬ ಕೇಳಿದನಂತೆ.

ಅವರು ಹೇಳಿದರಂತೆ: “ಇದ್ದಾರೆ. ನಾನು ಮುಂಬಯಿಯಿಂದ ತಂದ ಮದ್ದೇ ಆ ಸ್ಕ್ವಾಡು. ಆದರೆ ಅದು ನಿಮ್ಮ ಸ್ಕ್ವಾಡಿನ ಹಾಗೆ ಕೈ ಹಿಡಿದು ಎಳೆಯೂದಿಲ್ಲ. ಡಿಎನ್‌ಎಯ ನಾಲ್ಕು ಅಕ್ಷರ ಅದೆಯಲ್ಲ, ಅದರಲ್ಲಿ ಒಂದು ಅಕ್ಷರ ಬಂದು ಕೂರುವ ಬೆಂಚಿನಲ್ಲಿ ತಾನೇ ಹೋಗಿ ಕೂತ್ಕೊಳ್ತದೆ. ಅಕ್ಷರಕ್ಕೆ ಜಾಗ ಇಲ್ಲ. ಕಿಣ್ವ ಬಾಯಿ ಕಳೆದು ನಿಂತೇ ಬಿಡ್ತದೆ. ಉತ್ತರ ಗೊತ್ತಿದ್ದೂ ಬರೆಯೂಕೆ ಆಗೂದಿಲ್ಲ.”

“ಸ್ಕ್ವಾಡು ಎದ್ದು ಹೋದ ಮೇಲೆ?”

“ನೀ ಎಂತ ಮಾಡ್ತೆ?”

“ಮತ್ತೆ ಶುರು ಮಾಡ್ತೆ ಅಕ್ಕೋರೆ.”

“ಅದೂ ಹಾಗೇ. ಕೂತ್ಕೋ.”

ನಾನು ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಮಾಡಿದ್ದೇನೆ. ಕಲಿಸಬೇಕಾದ ವಿಷಯವನ್ನು ಲೇವಡಿಯ ಪ್ರಶ್ನೆಯ ಒಳಗಿಂದಲೇ ಹೀಗೆ ಹೊರತೆಗೆದವರನ್ನು ಮತ್ತೆ ಕಂಡಿಲ್ಲ. ಇಂಗ್ಲಿಷಿನಲ್ಲಿ ಉರು ಹೊಡೆದು ಇಂಗ್ಲಿಷಿನಲ್ಲೇ ಕಕ್ಕುವುದನ್ನು ವಿಜ್ಞಾನವೆಂದು ಹಳ್ಳಿಯ ಮಕ್ಕಳಿಗೆ ನಂಬಿಸಿದ್ದು ನಮ್ಮ ಶಿಕ್ಷಣ ವ್ಯವಸ್ಥೆ ಮಾಡಿದ ದ್ರೋಹ. ಅಕ್ಕೋರು ಆ ದ್ರೋಹದಲ್ಲಿ ಪಾಲುಗೊಳ್ಳಲಿಲ್ಲ. ಕೊನೆಗೆ ನಾವಿಬ್ಬರೂ ಕೂತು ‘ಎದುರೆಳೆ’ ಎಂಬ ಮಾತನ್ನು ಒಪ್ಪಿಕೊಂಡೆವು: ಹಳೆಯ ಎಳೆಗೆ ಎದುರಾಗಿ, ಅದರ ಅಕ್ಷರಕ್ಕೆ ಹೊಂದುವ ಅಕ್ಷರವನ್ನೇ ಆರಿಸಿ ಹೆಣೆದ ಹೊಸ ಎಳೆ. ಯಾವ ನಿಘಂಟಿಗೂ ಅದು ಸೇರಲಿಲ್ಲ. ಅವರ ತರಗತಿಯಲ್ಲಿ ಓದಿದವರು ಮಾತ್ರ ಇವತ್ತಿಗೂ ಹಾಗೆಯೇ ಹೇಳುತ್ತಾರೆ.

ಆ ಮದ್ದಿನ ಹೆಸರು ಅಫಿಡಿಕೋಲಿನ್. ಒಂದು ಬಗೆಯ ಬೂಷ್ಟಿನಿಂದ ತೆಗೆದದ್ದು. ಸರ್ಪಸುತ್ತಿನ ಜಾತಿಗೆ ಸೇರಿದ ವೈರಾಣುಗಳನ್ನು ಅದು ತಡೆಯುತ್ತದೆ, ಮನುಷ್ಯರ ಮತ್ತು ಗಿಡಗಳ ಜೀವಕೋಶದ ಕೇಂದ್ರದಲ್ಲಿ ಡಿಎನ್‌ಎ ನಕಲು ಮಾಡುವ ಕಿಣ್ವವನ್ನೂ ತಡೆಯುತ್ತದೆ, ಆದರೆ ಎಲೆಯ ಹಸಿರು ಕಣದೊಳಗಿರುವ ಬೇರೆಯೇ ಕಿಣ್ವವನ್ನು ಮುಟ್ಟುವುದಿಲ್ಲ ಎಂದು ಹೊರದೇಶಗಳ ವಿಜ್ಞಾನಿಗಳು ಆಗಷ್ಟೇ ಬರೆಯತೊಡಗಿದ್ದರು. ಬೇಸಿಗೆ ರಜೆಯಲ್ಲಿ ಮುಂಬಯಿಯ ಪ್ರಯೋಗಾಲಯವೊಂದರ ತರಬೇತಿಗೆ ಹೋಗಿದ್ದ ಅಕ್ಕೋರಿಗೆ ಅಲ್ಲಿಯವರು, ತಮ್ಮ ಕೆಲಸ ಮುಗಿದು ಶೀಶೆಯ ತಳದಲ್ಲಿ ಉಳಿದಿದ್ದ ಚಿಟಿಕೆ ಪುಡಿಯನ್ನು ಕೊಟ್ಟು ಕಳಿಸಿದರು. ಮತ್ತೆ ತರಿಸುವುದು ನಮ್ಮಂಥವರ ಕೈಮೀರಿದ ಮಾತು. ಇದ್ದಷ್ಟರಲ್ಲೇ ಎಲ್ಲವೂ ಆಗಬೇಕಿತ್ತು.

ಅದನ್ನು ತಣ್ಣಗೆ ಇಡಬೇಕು. ಕಾಲೇಜಿನಲ್ಲಿದ್ದ ಒಂದೇ ಫ್ರಿಜ್ಜು ಆಡಳಿತ ಮಂಡಳಿಯ ಕೋಣೆಯಲ್ಲಿತ್ತು. ಸಭೆಗೆ ಬರುವವರ ಶರಬತ್ತು ಅದರಲ್ಲಿ ತಣ್ಣಗಾಗುತ್ತಿತ್ತು. ಅಕ್ಕೋರು ಮೂಲೆಯಲ್ಲಿ ಅಂಗೈಯಗಲದ ಜಾಗ ಕೇಳಿದರು. “ವಿಷಗಿಷ ಇಡೂದು ಬೇಡ ಬಾಯಿ, ನಾವು ಕುಡಿಯೂ ಜಾಗ” ಎಂಬ ಉತ್ತರ ಬಂತು. ವಿಜ್ಞಾನ ಕಲಿಸಲೆಂದು ಕಟ್ಟಿದ ಸಂಸ್ಥೆಯಲ್ಲಿ ವಿಜ್ಞಾನಕ್ಕೆ ಅಂಗೈಯಗಲ ತಂಪು ಸಿಗಲಿಲ್ಲ ಎಂಬುದನ್ನು ಇಲ್ಲಿ ಬರೆದಿಡುತ್ತೇನೆ.

ಅವರು ಬಂದರಿನ ಐಸ್ ಫ್ಯಾಕ್ಟರಿಗೆ ಹೋದರು. ಮೀನಿಗೆ ಐಸು ಹಾಕುವ ಆ ಕಟ್ಟಡದ ತಂಪು ಕೋಣೆಯಲ್ಲಿ ಒಂದು ಥರ್ಮಾಸ್ ಇಡಲು ಯಾರೂ ಅಡ್ಡಿ ಹೇಳಲಿಲ್ಲ. ಅಲ್ಲಿ ಮೀನಿನ ಬುಟ್ಟಿಗೆ ಐಸು ತುಂಬಿಕೊಳ್ಳುತ್ತಿದ್ದ ಹೆಂಗಸರಿಗೆ ಅದು ದಿನದ ತಮಾಷೆಯಾಯಿತು.

“ಅಕ್ಕೋರೆ, ಆ ಶೀಶೆಲಿ ಎಂತ ಅದೆ? ಇಷ್ಟ್ ಜೋಪಾನ ಮಾಡೂಕೆ ಬಂಗಾರದ ಮೀನಾ?”

“ಬೂಷ್ಟಿನ ಪುಡಿ ಕಣೆ.”

“ಬೂಷ್ಟಾ? ಅಯ್ಯ, ನಮ್ಮನೆ ಹಪ್ಪಳದ ಡಬ್ಬಿಲಿ ರಾಶಿ ಅದೆ. ಪುಕ್ಕಟೆ ಕೊಡ್ತೆ, ಹೊತ್ಕಂಡ್ ಹೋಗಿ.”

ನಕ್ಕರೂ ಅವರು ಆ ಥರ್ಮಾಸನ್ನು ಕಾದರು. ಐಸು ಕರಗಿದರೆ ಹೊಸದು ತುಂಬಿದರು.

ಊರಲ್ಲಿ ಸುದ್ದಿ ಬೇರೆ ರೂಪ ತಾಳಿ ಹರಡಿತು. ಅಕ್ಕೋರ ಹತ್ತಿರ ಗಿಡದ ವೈರಸ್ಸಿಗೆ ಮದ್ದು ಬಂದಿದೆಯಂತೆ ಎಂದು ಹಿರೇಗುತ್ತಿಯಿಂದ ಒಬ್ಬರು ಬಂದರು. ಅವರ ಮೆಣಸಿನ ಗಿಡಗಳಿಗೆ ಎಲೆ ಮುರುಟುವ ರೋಗ. ಅಕ್ಕೋರು ಅವರನ್ನು ಕೂರಿಸಿ ಹೇಳಿದ್ದನ್ನು ನಾನು ಪಕ್ಕದಲ್ಲಿದ್ದು ಕೇಳಿದ್ದೇನೆ.

“ಈ ಮದ್ದು ನಿಮಗೆ ಆಗೂದಿಲ್ಲ. ವೈರಸ್ಸಿನ ಕೈ ಕಟ್ಟೂಕೆ ಹೋದರೆ ಗಿಡದ ಕೈಯನ್ನೂ ಕಟ್ತದೆ. ಮೇಲಾಗಿ ಕೆಲವು ವೈರಸ್ಸಿಗೆ ಸ್ವಂತದ ಕೈಯೇ ಇಲ್ಲ, ಗಿಡದ ಕಿಣ್ವದ ಹತ್ತಿರವೇ ನಕಲು ಮಾಡಿಸಿಕೊಳ್ತವೆ ಅಂತ ಸಂಶಯ ಅದೆ. ರೋಗದ ಗಿಡ ಕಿತ್ತು ಸುಡಿ. ಬಿಳಿ ನೊಣ ಬರದ ಹಾಗೆ ನೋಡಿ.”

“ಎಂತ ಅಕ್ಕೋರೆ, ಮುಂಬೈ ಮಟ ಹೋಗಿ ಕಲ್ತದ್ದು ಕಿತ್ತು ಸುಡು ಅಂಬುದಾ? ಅದನ್ನ ನಮ್ಮಜ್ಜಿನೂ ಹೇಳ್ತಿತ್ತು.”

“ನಿಮ್ಮಜ್ಜಿ ಯಾಕೆ ಅಂತ ಹೇಳಿತ್ತಾ?”

“ಇಲ್ಲ.”

“ನಾ ಹೇಳ್ದೆ. ಆತು, ಚಾ ಕುಡೀರಿ.”

ಬಂದವರು ನಗುತ್ತ ಚಹಾ ಕುಡಿದು ಹೋದರು. ನೀರಿಗೆ ಬಣ್ಣ ಬೆರೆಸಿ ಮದ್ದೆಂದು ಮಾರುವವರು ಪೇಟೆಯಲ್ಲಿ ಬೇಕಷ್ಟಿದ್ದ ಕಾಲವದು. ಇಲ್ಲದ ಆಸೆಯನ್ನು ಕೊಡದಿರುವುದೂ ಒಂದು ಸೇವೆಯೆಂದು ನಾನು ಕಲಿತದ್ದು ಆ ದಿನ.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಅಕ್ಕೋರಿಗೆ ಡಾಕ್ಟರೇಟ್ ಪದವಿಗೆ ಹೆಸರು ನೋಂದಾಯಿಸಬೇಕಿತ್ತು. ಸಣ್ಣ ಊರಿನ ಕಾಲೇಜಿನಲ್ಲಿ ಕೂತು ಇಂಥ ಸಂಶೋಧನೆ ಮಾಡಲಾದೀತೇ ಎಂದು ವಿಶ್ವವಿದ್ಯಾಲಯಕ್ಕೆ ಅನುಮಾನ. ಊರು ಬಿಟ್ಟು ನಗರಕ್ಕೆ ಬನ್ನಿ ಎಂದರು. ಕೆಲಸ ಬಿಟ್ಟರೆ ತಮ್ಮಂದಿರ ಓದು ನಿಲ್ಲುವ ಸ್ಥಿತಿ; ಅದಕ್ಕಿಂತ ಹೆಚ್ಚಾಗಿ, ಇಲ್ಲಿ ಆಗುವ ಕೆಲಸಕ್ಕೆ ಅಲ್ಲಿಗೆ ಯಾಕೆ ಹೋಗಬೇಕು ಎಂಬ ಹಟ. ಕೊನೆಗೆ ಒಬ್ಬ ಹಿರಿಯ ಪ್ರಾಧ್ಯಾಪಕರನ್ನು ಪರಿಶೀಲನೆಗೆ ಕಳಿಸುವುದೆಂದಾಯಿತು. ಅವರು ಕಣ್ಣಾರೆ ಕಂಡು ಒಪ್ಪಿದರೆ ನೋಂದಣಿ. ಒಪ್ಪದಿದ್ದರೆ ಅಲ್ಲಿಗೆ ಮುಗಿಯಿತು.

ಅಕ್ಕೋರು ಸಿದ್ಧಪಡಿಸಿದ ಪ್ರಯೋಗ ಸರಳವಾದದ್ದು. ಈರುಳ್ಳಿಯ ಬುಡವನ್ನು ನೀರಿಗೆ ತಾಗಿಸಿಟ್ಟರೆ ಬಿಳಿಯ ಬೇರುಗಳು ಇಳಿಯುತ್ತವೆ. ಬೇರಿನ ತುದಿಯ ಜೀವಕೋಶಗಳು ಒಂದೇ ಸಮ ಒಡೆದು ಎರಡಾಗುತ್ತಿರುತ್ತವೆ. ಒಡೆಯುವ ಮುನ್ನ ಪ್ರತಿಯೊಂದೂ ತನ್ನ ಡಿಎನ್‌ಎಯನ್ನು ಪೂರ್ತಿ ನಕಲು ಮಾಡಿಕೊಳ್ಳಬೇಕು. ಕೆಲವು ಈರುಳ್ಳಿಗಳನ್ನು ಬರಿಯ ನೀರಿನಲ್ಲಿ, ಕೆಲವನ್ನು ಮದ್ದು ಬೆರೆತ ನೀರಿನಲ್ಲಿ ಇಡುವುದು. ಮದ್ದು ನಕಲನ್ನು ನಿಲ್ಲಿಸಿದರೆ ಒಡೆಯುವುದೂ ನಿಲ್ಲಬೇಕು. ಬರಿಯ ನೀರಿನ ಬೇರಿನಲ್ಲಿ ಒಡೆಯುತ್ತಿರುವ ಕೋಶಗಳು ಕಂಡು, ಮದ್ದಿನ ಬೇರಿನಲ್ಲಿ ಕಾಣದಿದ್ದರೆ ಪ್ರಯೋಗ ಗೆದ್ದಂತೆ.

ಪ್ರಾಧ್ಯಾಪಕರು ಬಂದ ದಿನ ಪ್ರಾಂಶುಪಾಲರು ಮೊದಲು ಮಾಡಿದ ಕೆಲಸವೆಂದರೆ, “ಬಾಯಿ, ಸಾಹೇಬರಿಗೆ ಚಹಾ ನೀವೇ ತಂದುಕೊಟ್ಟರೆ ಚಂದ” ಎಂದದ್ದು. ಪರೀಕ್ಷೆಗೆ ಕೂತವರ ಕೈಯಲ್ಲಿ ಪರೀಕ್ಷಕರಿಗೆ ಚಹಾ ಕೊಡಿಸುವ ಈ ಚಂದ ಗಂಡಸು ಅಭ್ಯರ್ಥಿಗಳಿಗೆ ಎಂದೂ ಒದಗಿದ್ದನ್ನು ನಾನು ಕಂಡಿಲ್ಲ. ಅಕ್ಕೋರು, “ನನ್ನ ಕೈಗೆ ಆಮ್ಲ ಹತ್ತಿದೆ ಸರ್, ಚಹಾ ಕೊಟ್ಟರೆ ಸಾಹೇಬರು ವರದಿ ಬರೆಯಲು ಉಳಿಯುವುದಿಲ್ಲ” ಎಂದರು. ಪ್ರಾಂಶುಪಾಲರೇ ಚಹಾ ಕೊಟ್ಟರು.

ಪ್ರಾಧ್ಯಾಪಕರು ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದರು. ಬರಿಯ ನೀರಿನ ಬೇರಿನಲ್ಲಿ ಕೆಂಪು ಬಣ್ಣ ಹೀರಿದ ವರ್ಣತಂತುಗಳು ದಾರದ ತುಂಡುಗಳಂತೆ ಬಿಡಿಬಿಡಿಯಾಗಿ ಕಂಡವು. ಮದ್ದಿನ ಬೇರಿನಲ್ಲಿ ಒಂದೂ ಇಲ್ಲ. ಎಲ್ಲ ಕೋಶಗಳೂ ಸುಮ್ಮನೆ ಕೂತಿದ್ದವು. “ಭೇಷ್” ಎಂದು ಅವರು ಪೆನ್ನು ತೆಗೆದರು. ನಾವೆಲ್ಲ ಬಾಗಿಲಲ್ಲಿ ನಿಂತಿದ್ದೆವು.

ಅಷ್ಟರಲ್ಲಿ ಅಕ್ಕೋರು ಗ್ಲಾಸುಗಳನ್ನು ಎತ್ತಿಡಲು ಹೋಗಿ, ಮದ್ದಿನ ಗ್ಲಾಸಿನ ಮೇಲಿದ್ದ ಈರುಳ್ಳಿಯನ್ನು ಕೈಗೆ ತೆಗೆದುಕೊಂಡವರು ಹಾಗೆಯೇ ನಿಂತರು. ಅದನ್ನು ಮೂಗಿನ ಹತ್ತಿರ ತಂದರು. ಬ್ಲೇಡಿನಿಂದ ಕುತ್ತಿಗೆಯ ಕಡೆ ಸೀಳಿ ಮತ್ತೆ ಮೂಸಿದರು. ಕೋಣೆಯ ತುಂಬ ಆಮ್ಲದ ಘಾಟು. ಅದರ ನಡುವೆ ಬೇರೆ ಯಾರ ಮೂಗಿಗೂ ಏನೂ ತಿಳಿಯಲಿಲ್ಲ. ಅವರು ಪ್ರಯೋಗಾಲಯದ ಅಟೆಂಡರನ್ನು ಕರೆದರು. ಕುಮಟೆ ಹತ್ತಿರದ ಬಾಡ ಎಂಬ ಊರಿನ ಆ ಹಿರಿಯರನ್ನು ಅವರು ಅಣ್ಣ ಎಂದೇ ಕರೆಯುತ್ತಿದ್ದದ್ದು.

“ಅಣ್ಣ, ಇದು ಎಲ್ಲಿಂದು?”

“ನಮ್ಮನೇದು ಅಕ್ಕೋರೆ.” ಅವರ ಮುಖದಲ್ಲಿ ಹೆಮ್ಮೆಯಿತ್ತು. “ಒಲೆ ಮೇಲೆ ಕಟ್ಟಿದ್ದ ಗೊಂಚಲು. ಸಾಹೇಬ್ರು ಬರ್ತ್ರು, ಅವ್ರು ನೋಡೂದು ಮದ್ದಿನ ಗ್ಲಾಸೇ ಅಲ್ಲ್ವಾ? ಅದಕ್ಕೆ ಚಲೋದು ಇರ್ಲಿ ಅಂದೆ.”

ನಮ್ಮ ಕರಾವಳಿಯ ಅಡುಗೆಮನೆಗಳನ್ನು ಬಲ್ಲವರಿಗೆ ಇದರಲ್ಲಿ ವಿಚಿತ್ರವೇನೂ ಕಾಣದು. ಕುಮಟೆಯ ಸಿಹಿ ಈರುಳ್ಳಿ ಬೇಗ ಕೊಳೆಯುವಂಥದು. ಅದನ್ನು ಎಲೆಸಮೇತ ಗೊಂಚಲಾಗಿ ಹೆಣೆದು ಒಲೆಯ ಮೇಲಿನ ಜಂತಿಗೆ ತೂಗುಹಾಕುತ್ತಾರೆ. ಹೊಗೆ ಕುಡಿದ ಈರುಳ್ಳಿ ಮಳೆಗಾಲವನ್ನು ದಾಟುತ್ತದೆ, ಬೇಗ ಮೊಳೆಯುವುದಿಲ್ಲ. ಮನೆಗೆ ನೆಂಟರು ಬಂದರೆ ಕೈ ಮೊದಲು ಹೋಗುವುದು ಆ ಗೊಂಚಲಿಗೆ. ಬಾಡದ ಅಣ್ಣ ಪ್ರಾಧ್ಯಾಪಕರಿಗೆ ಮಾಡಿದ್ದು ನೆಂಟರ ಉಪಚಾರ. ಬರಿಯ ನೀರಿನ ಗ್ಲಾಸಿಗೆ ಪೇಟೆಯ ಈರುಳ್ಳಿ, ಮದ್ದಿನ ಗ್ಲಾಸಿಗೆ ಮನೆಯ ಚಲೋ ಈರುಳ್ಳಿ. ಸಿಪ್ಪೆ ಸುಲಿದು, ತೊಳೆದು, ಒಪ್ಪವಾಗಿ ಇಟ್ಟಿದ್ದರು.

ಅಕ್ಕೋರು ಅಣ್ಣನಿಗೆ ಒಂದು ಮಾತೂ ಅನ್ನಲಿಲ್ಲ. ಪ್ರಾಧ್ಯಾಪಕರ ಮೇಜಿಗೆ ಹೋಗಿ ನಿಂತರು.

“ಸರ್, ಬರೆಯಬೇಡಿ. ಈ ಫಲಿತಾಂಶ ನಿಲ್ಲುವುದಿಲ್ಲ.”

“ಯಾಕೆ? ಚೆನ್ನಾಗಿಯೇ ಬಂದಿದೆಯಲ್ಲ.”

“ಅದಕ್ಕೇ ಹೇಳಿದೆ. ಮದ್ದಿನ ಗ್ಲಾಸಿನ ಈರುಳ್ಳಿಗಳು ಹೊಗೆಯಲ್ಲಿ ಒಣಗಿದವು, ಬರಿಯ ನೀರಿನವು ಅಲ್ಲ. ಕೋಶಗಳನ್ನು ನಿಲ್ಲಿಸಿದ್ದು ಮದ್ದೋ ಹೊಗೆಯೋ ನನಗೆ ಗೊತ್ತಿಲ್ಲ. ಈರುಳ್ಳಿಗಳನ್ನು ನಾನೇ ನೋಡಿ ಇಡಬೇಕಿತ್ತು, ಇಡಲಿಲ್ಲ. ತಪ್ಪು ನನ್ನದು. ಒಂದು ವಾರ ಕೊಡಿ, ಮತ್ತೆ ಮಾಡಿ ತೋರಿಸುತ್ತೇನೆ.”

ಪ್ರಾಧ್ಯಾಪಕರು ಒಪ್ಪಿಗೆ ಬರೆಯಲಿಲ್ಲ. ಅದೇ ಪೆನ್ನಿನಿಂದ ಬೇರೆಯದನ್ನು ಬರೆದರು: ಕರಾವಳಿಯ ಇಂಥ ಕಾಲೇಜುಗಳಲ್ಲಿ ಈ ಬಗೆಯ ಸಂಶೋಧನೆಗೆ ಬೇಕಾದ ಶಿಸ್ತೂ ಸೌಲಭ್ಯವೂ ಸಾಲದು. ಅರ್ಜಿಯನ್ನು ಮುಂದಿನ ವರ್ಷಕ್ಕೆ ಇಡಬಹುದು.

ಈ ಅನ್ಯಾಯವನ್ನು ಸ್ಪಷ್ಟವಾಗಿ ಹೇಳಬೇಕು. ಅಕ್ಕೋರು ಸುಮ್ಮನಿದ್ದಿದ್ದರೆ ಅದೇ ಕೋಣೆಗೆ ಅದೇ ಮೇಜಿಗೆ ‘ಸೌಲಭ್ಯ ಸಾಕು’ ಎಂಬ ಒಪ್ಪಿಗೆ ಸಿಗುತ್ತಿತ್ತು. ನಿಜ ನುಡಿದದ್ದರಿಂದ ಶಿಸ್ತು ಇಲ್ಲವೆಂದಾಯಿತು. ತನ್ನ ತಪ್ಪನ್ನು ತಾನೇ ಹಿಡಿದು ಎಲ್ಲರೆದುರು ಇಡುವುದಕ್ಕಿಂತ ದೊಡ್ಡ ಶಿಸ್ತು ವಿಜ್ಞಾನದಲ್ಲಿ ಯಾವುದಿದೆ? ಒಬ್ಬರ ಪ್ರಯೋಗದ ದೋಷವನ್ನು ಇಡೀ ಕರಾವಳಿಯ ಅಯೋಗ್ಯತೆ ಎಂದು ಬರೆದದ್ದು ಇನ್ನೊಂದು ಅನ್ಯಾಯ. ಅದರ ಬಿಸಿ ಬೇರೆಯವರಿಗೂ ತಟ್ಟಿತು. ಆ ಟಿಪ್ಪಣಿಯನ್ನು ತೋರಿಸಿಯೇ ನಮ್ಮ ರಸಾಯನಶಾಸ್ತ್ರದ ಸಹೋದ್ಯೋಗಿಯ ಅರ್ಜಿಯನ್ನೂ ಹಿಂದೆ ಕಳಿಸಿದರು.

ಕಾರು ಹೊರಟುಹೋದ ಮೇಲೆ ಪ್ರಾಂಶುಪಾಲರು ತಲೆಯ ಮೇಲೆ ಕೈಹೊತ್ತು ಕೂತರು.

“ಅಲ್ಲ ಬಾಯಿ, ನೀವು ಬಾಯಿ ಮುಚ್ಚಿಕೊಂಡಿದ್ದರೆ ಆಗ್ತಿರಲಿಲ್ವಾ?”

“ಬಾಯಿ ಅಂತ ಹೆಸರಿಟ್ಟವರು ನೀವು. ಈಗ ಮುಚ್ಚು ಅಂದ್ರೆ ಹೇಗೆ ಸರ್?”

ಅವರು ಹಾಗೆಂದು ನಗಲಿಲ್ಲ. ಪ್ರಾಂಶುಪಾಲರು ಮಾತ್ರ ತಡೆಯಲಾರದೆ ನಕ್ಕುಬಿಟ್ಟರು. ಕೆಟ್ಟವರೇನೂ ಅಲ್ಲ ಅವರು. ಮರುದಿನ ಫ್ರಿಜ್ಜಿನ ಒಂದು ಮೂಲೆ ಸಸ್ಯಶಾಸ್ತ್ರಕ್ಕೆ ದೊರೆಯಿತು. ಅಕ್ಕೋರು ವಂದಿಸಿ ಬೇಡವೆಂದರು; ಐಸ್ ಫ್ಯಾಕ್ಟರಿಯವರು ಬೇಸರಿಸಿಕೊಳ್ಳುತ್ತಾರೆ ಎಂದರು.

ಆ ವರ್ಷ ಅವರು ಅಳುತ್ತ ಕೂತದ್ದನ್ನು ಯಾರೂ ನೋಡಲಿಲ್ಲ. ಶಾಂತರಾಗಿದ್ದರು ಎಂದು ಹೇಳಿದರೆ ಅದೂ ಸುಳ್ಳಾಗುತ್ತದೆ. ವಿಶ್ವವಿದ್ಯಾಲಯಕ್ಕೆ ಬರೆದರು, ಉತ್ತರ ಬಾರದೆ ಮತ್ತೆ ಬರೆದರು. ಸಮಾಧಾನ ಹೇಳಲು ಬಂದವರನ್ನು, “ನಿಮ್ಮ ಸಮಾಧಾನ ಅವರಿಗೆ ಹೇಳಿ, ತಪ್ಪು ಮಾಡಿದ್ದು ಅವರು” ಎಂದು ವಾಪಸು ಕಳಿಸಿದರು. ಪುಡಿ ಬಹಳ ಕಡಿಮೆ ಉಳಿದಿತ್ತು. ಹೆಚ್ಚೆಂದರೆ ಇನ್ನೊಂದು ಪ್ರಯೋಗಕ್ಕಾದೀತು. ಅದೂ ಮೊದಲಿನಷ್ಟು ಈರುಳ್ಳಿಗಳಿಗೆ ಆಗದು.

ಹಾಗಾಗಿ ಅವರು ಪ್ರಯೋಗದ ರೀತಿಯನ್ನೇ ಬದಲಿಸಿದರು. ಎರಡು ಈರುಳ್ಳಿಗಳನ್ನು ಹೋಲಿಸುವ ಗೋಜೇ ಬೇಡ. ಒಂದೇ ಈರುಳ್ಳಿ ತನ್ನ ಜೊತೆ ತನ್ನನ್ನೇ ಹೋಲಿಸಿಕೊಳ್ಳಲಿ. ಮೊದಲು ಬರಿಯ ನೀರಿನಲ್ಲಿಟ್ಟು ಒಂದು ಬೇರನ್ನು ತೆಗೆಯುವುದು. ಅದೇ ಈರುಳ್ಳಿಯನ್ನು ಮದ್ದಿಗೆ ಇಳಿಸಿ ಇನ್ನೊಂದು ಬೇರು. ಆಮೇಲೆ ತೊಳೆದು ಮತ್ತೆ ಬರಿಯ ನೀರಿಗೆ ಮರಳಿಸಿ ಮೂರನೆಯದು. ಹೊಗೆಯೋ, ಮಣ್ಣೋ, ಊರೋ, ಏನೇ ದೋಷವಿದ್ದರೂ ಮೂರಕ್ಕೂ ಸಮಾನ.

ಮರುವರ್ಷ ಪ್ರಾಧ್ಯಾಪಕರು ಎರಡನೆಯ ಸಲ ಬರುವ ವಾರ, ಬಾಡದ ಅಣ್ಣ ಈರುಳ್ಳಿಯ ಬುಟ್ಟಿಯಿಂದ ದೂರ ನಿಂತಿದ್ದರು.

“ನಾ ಮುಟ್ಟೂದಿಲ್ಲ ಅಕ್ಕೋರೆ. ಹೋದ ಸಲ ನಾ ಮುಟ್ಟಿ ನಿಮ್ಮ ವರ್ಷ ಹೋಯ್ತು.”

“ನೀವೇ ಆರಿಸಬೇಕು ಅಣ್ಣ. ಆದರೆ ಚಲೋದು ಅಂತ ನೋಡಿ ಅಲ್ಲ. ಕಣ್ಣು ಮುಚ್ಚಿ, ಕೈಗೆ ಸಿಕ್ಕದ್ದು.”

“ಕೊಳೆತದ್ದು ಬಂದ್ರೆ?”

“ಬಂದ್ರೆ ಬಂತು. ಅದೂ ಈರುಳ್ಳಿಯೇ.”

ಅವರು ದೇವರಿಗೆ ಕೈಮುಗಿಯುವವರ ಹಾಗೆ ಕಣ್ಣು ಮುಚ್ಚಿ ಬುಟ್ಟಿಗೆ ಕೈಹಾಕಿದರು. ಆಮೇಲೆ ನನ್ನ ಕಡೆ ತಿರುಗಿ, “ಕುರುಡ ಆರಿಸಿದ್ದು ಚಲೋ, ಕಣ್ಣಿದ್ದವ ಆರಿಸಿದ್ದು ಹಾಳು ಅಂಬ ಕಾಲೇಜು ಇದೊಂದೇ ಇರೂದು ಮಾಸ್ತರೆ” ಎಂದರು.

ಪ್ರಾಧ್ಯಾಪಕರು ಬಂದರು. ಮೊದಲನೆಯ ಸ್ಲೈಡು: ಅಲ್ಲಲ್ಲಿ ಒಡೆಯುತ್ತಿರುವ ಕೋಶಗಳು. ಎರಡನೆಯದು: ಒಂದೂ ಇಲ್ಲ. ಹಿಂದಿನ ಸಂಜೆ ಮದ್ದಿನಿಂದ ಬಿಡಿಸಿ ನೀರಿಗೆ ಮರಳಿಸಿ, ಬೆಳಗ್ಗೆ ತೆಗೆದ ಬೇರಿನ ಮೂರನೆಯ ಸ್ಲೈಡನ್ನು ಅಕ್ಕೋರು ಇಟ್ಟರು. ಪ್ರಾಧ್ಯಾಪಕರು ಕಣ್ಣು ಹಚ್ಚಿದವರು ತೆಗೆಯಲೇ ಇಲ್ಲ. ಒಂದು ಕೈಯಿಂದ ಸ್ಲೈಡನ್ನು ಸರಿಸುತ್ತ ಹೋದರು. ಕೊನೆಗೆ ನಮ್ಮನ್ನೂ ಕರೆದು ತೋರಿಸಿದರು. ನನಗೆ ವಿಜ್ಞಾನ ತಿಳಿಯದು; ಕಣ್ಣಿಗೆ ಕಂಡದ್ದನ್ನು ಹೇಳುತ್ತೇನೆ. ಕಂಡಲ್ಲೆಲ್ಲ ಕೆಂಪು ದಾರದ ತುಂಡುಗಳು ಎರಡಾಗಿ ಅಗಲುತ್ತಿದ್ದವು. ತಡೆದು ನಿಲ್ಲಿಸಿದ್ದ ಕೋಶಗಳು ನಕಲಿನ ಬಾಗಿಲಲ್ಲೇ ಕೂಡಿಬಿದ್ದಿದ್ದವು. ತಡೆ ಹೋದೊಡನೆ ಎಲ್ಲವೂ ಒಟ್ಟಿಗೆ ನಕಲು ಮುಗಿಸಿ, ಒಟ್ಟಿಗೆ ಒಡೆಯುತ್ತಿದ್ದವು. ಮದ್ದು ಕೋಶವನ್ನು ಕೊಂದಿರಲಿಲ್ಲ, ಆ ಒಂದು ಕಿಣ್ವವನ್ನು ಮಾತ್ರ ಹಿಡಿದಿತ್ತು ಎಂಬುದಕ್ಕೆ ಅದಕ್ಕಿಂತ ಚೆಂದದ ಸಾಕ್ಷಿ ಇಲ್ಲವೆಂದು ಪ್ರಾಧ್ಯಾಪಕರು ವಿವರಿಸಿದರು. ಬಾಡದ ಅಣ್ಣ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು, “ಹಾಂ, ಜಾತ್ರೆ” ಎಂದರು.

ಪ್ರಾಧ್ಯಾಪಕರು ನೋಂದಣಿಯ ಒಪ್ಪಿಗೆಗೆ ಸಹಿ ಹಾಕಿದರು. ಪೆನ್ನು ಮುಚ್ಚುತ್ತ ಪ್ರೀತಿಯಿಂದಲೇ ಹೇಳಿದರು: “ಹೋದ ವರ್ಷವೇ ನಾನು ಸಹಿ ಹಾಕಿದ್ದರೆ ಈ ಮೂರನೆಯ ಸ್ಲೈಡು ಹುಟ್ಟುತ್ತಲೇ ಇರಲಿಲ್ಲ. ಆದದ್ದೆಲ್ಲ ಒಳ್ಳೆಯದಕ್ಕೇ ಆಯಿತು.”

“ಸ್ಲೈಡು ಒಳ್ಳೆಯದಾಯಿತು ಸರ್. ನಿಮ್ಮ ಟಿಪ್ಪಣಿ ಆಗಲಿಲ್ಲ” ಎಂದರು ಅಕ್ಕೋರು. “ಕರಾವಳಿಯ ಕಾಲೇಜುಗಳಲ್ಲಿ ಈ ಕೆಲಸ ಆಗದು ಎಂದು ನೀವು ಬರೆದದ್ದು ಇನ್ನೂ ಹಾಗೆಯೇ ಇದೆ. ನನಗೆ ಸಹಿ ಸಿಕ್ಕಿತು. ನಮ್ಮ ರಸಾಯನಶಾಸ್ತ್ರದವರಿಗೆ ಸಿಕ್ಕಿಲ್ಲ. ಅದನ್ನು ತಿದ್ದಬೇಕು.”

ಪ್ರಾಂಶುಪಾಲರು ಕಣ್ಣಿನಲ್ಲೇ ಬೇಡ ಬೇಡ ಎನ್ನುತ್ತಿದ್ದರು. ಸಹಿಯ ಶಾಯಿ ಇನ್ನೂ ಆರಿರಲಿಲ್ಲ. ಅದನ್ನು ಹೊಡೆದುಹಾಕುವುದು ಪ್ರಾಧ್ಯಾಪಕರಿಗೆ ಕಷ್ಟದ ಕೆಲಸವಾಗಿರಲಿಲ್ಲ.

“ಹಳೆಯದನ್ನು ಈಗ ಯಾಕೆ ಕೆದಕುತ್ತೀರಿ?”

“ನನ್ನ ತಪ್ಪು ಹಳೆಯದಾಗುವವರೆಗೆ ನಾನು ಕಾಯಲಿಲ್ಲ ಸರ್. ನೀವು ಬರೆಯುತ್ತಿರುವಾಗಲೇ ಬಂದು ಹೇಳಿದೆ.”

ಪ್ರಾಧ್ಯಾಪಕರು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು, ಪೆನ್ನಿನ ಮುಚ್ಚಳವನ್ನು ಮತ್ತೆ ತೆಗೆದರು.

“ಹೇಳಿ, ಹೇಗೆ ಬರೆಯಲಿ?”

ಅಕ್ಕೋರು ನಿಂತುಕೊಂಡೇ ಹೇಳತೊಡಗಿದರು. ಪ್ರಾಧ್ಯಾಪಕರು ಬರೆದುಕೊಂಡರು.